ಬುಟ್ಟಿಯ ತಳದ ಉಣ್ಣೆಗೆ ಒಂದು ಕುಲಾವಿ

ಹೆಣಿಗೆ ಕಡ್ಡಿ ಹಿಡಿಯುವ ಮುಂಚೆ ಬೆಂಕಿಪೊಟ್ಟಣ ಹಿಡಿಯಿರಿ. ಬುಟ್ಟಿಯ ತಳದಲ್ಲಿ ಉಳಿದ ಉಂಡೆಗಳಲ್ಲಿ ಯಾವುದು ನಿಜವಾದ ಉಣ್ಣೆ, ಯಾವುದು ಅಕ್ರಿಲಿಕ್ ಎಂದು ಬರೀ ಕಣ್ಣಿಗೆ ತಿಳಿಯುವುದಿಲ್ಲ. ಅಂಗಡಿಯಲ್ಲಿ ಎಲ್ಲಕ್ಕೂ ಉಲ್ಲನ್ ಅಂತಲೇ ಹೆಸರು. ಪ್ರತಿ ಉಂಡೆಯಿಂದ ಬೆರಳುದ್ದ ಎಳೆ ಕತ್ತರಿಸಿ, ಚಿಮಟದಲ್ಲಿ ಹಿಡಿದು, ನೀರು ತುಂಬಿದ ತಟ್ಟೆಯ ಮೇಲೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉರಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಕಪ್ಪು ಹೊಗೆ ಬಿಟ್ಟು ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಹತ್ತಿ ಕಾಗದದ ಹಾಗೆ ಉರಿದು ಹೋಗುತ್ತದೆ. ಕೂದಲಿನ ವಾಸನೆಯೂ ಬಂದು ಮಣಿಯೂ ಕಟ್ಟಿದರೆ ಅದು ಮಿಶ್ರಣ.

ಇಷ್ಟು ತಾಪತ್ರಯ ಯಾಕೆಂದರೆ, ಉಣ್ಣೆ ಬಿಸಿನೀರು ಮತ್ತು ಉಜ್ಜಾಟಕ್ಕೆ ಕುಗ್ಗುತ್ತದೆ, ಅಕ್ರಿಲಿಕ್ ಕುಗ್ಗುವುದಿಲ್ಲ. ಎರಡನ್ನೂ ಪಟ್ಟಿಪಟ್ಟಿಯಾಗಿ ಹಾಕಿದ ಮಫ್ಲರ್ ಎರಡು ಮೂರು ಒಗೆತಕ್ಕೆ ಒಂದು ಪಟ್ಟಿ ಬಿಗಿದು ಪಕ್ಕದ್ದು ನೆರಿಗೆಗಟ್ಟಿ ನಿಲ್ಲುತ್ತದೆ. ಅದನ್ನು ಸರಿಮಾಡಲು ಇಸ್ತ್ರಿ ಇಟ್ಟರೆ ಅಕ್ರಿಲಿಕ್ ಜೀವ ಸತ್ತು ಜೋತುಬೀಳುತ್ತದೆ, ಮತ್ತೆ ಎದ್ದೇಳುವುದಿಲ್ಲ. ಆದ್ದರಿಂದ ಉಣ್ಣೆ ಒಂದು ಚೀಲ, ಅಕ್ರಿಲಿಕ್ ಇನ್ನೊಂದು ಚೀಲ.

ಆಮೇಲೆ ದಪ್ಪ ಅಳೆಯಿರಿ. ದಾರವನ್ನು ಎಳೆಯದೆ, ಒಂದರ ಪಕ್ಕ ಒಂದು ತಾಗುವ ಹಾಗೆ ಸ್ಕೇಲಿಗೆ ಸುತ್ತಿ, ಒಂದು ಇಂಚಿನಲ್ಲಿ ಎಷ್ಟು ಸುತ್ತು ಬಂತು ಎಂದು ಎಣಿಸಿ. 11–12 ಸುತ್ತು ಬಂದರೆ ನಂಬರ್ 8 ಕಡ್ಡಿ, 15–16 ಬಂದರೆ ನಂಬರ್ 10. ತೆಳು ದಾರ ಎರಡೆಳೆ ಸೇರಿಸಿದರೆ ದಪ್ಪ ಇಮ್ಮಡಿ ಆಗುವುದಿಲ್ಲ, ಸುಮಾರು ಒಂದೂವರೆಯಷ್ಟು ಆಗುತ್ತದೆ ಅಷ್ಟೇ; 16 ಸುತ್ತಿನ ಎರಡೆಳೆ ಕೂಡಿದರೆ 11–12 ಸುತ್ತಿನ ಒಂದೆಳೆಗೆ ಸಮ. ಉಳಿದ ದಾರಗಳನ್ನು ಹೊಂದಿಸಲು ಇದೊಂದು ಲೆಕ್ಕ ಸಾಕು. ಕಡ್ಡಿಯ ನಂಬರಿನಲ್ಲೂ ಒಂದು ಮೋಸವಿದೆ. ನಮ್ಮಲ್ಲಿ ಸಿಗುವ ಕಡ್ಡಿಗೆ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ: 8 ಎಂದರೆ 4 ಮಿ.ಮೀ, 10 ಎಂದರೆ 3.25 ಮಿ.ಮೀ. ಅಮೆರಿಕದ ವಿಡಿಯೋದಲ್ಲಿ 8 ಎಂದರೆ 5 ಮಿ.ಮೀ. ಅದನ್ನು ನೋಡಿಕೊಂಡು ಹಾಕಿದ ಟೋಪಿ ಗೊಂಬೆಗೆ ಆಗುತ್ತದೆ. ಮಿಲಿಮೀಟರನ್ನೇ ನಂಬಿ.

ಕೈನೂಲಿನ ವಿಷಯ ಬೇರೆ. ಚಳ್ಳಕೆರೆ ಕಡೆ ಕಂಬಳಿಗೆ ನೂಲುವ ನಮ್ಮ ದಖನಿ ಕುರಿಯ ಉಣ್ಣೆ ಒರಟು, ಹೆಚ್ಚಾಗಿ ಕಪ್ಪು ಇಲ್ಲವೇ ಕಂದು. ಅದರಲ್ಲಿ ಕೂಸಿಗೆ ಟೋಪಿ ಹಾಕಬೇಡಿ, ಹಣೆಯೆಲ್ಲ ಕೆಂಪಾಗುತ್ತದೆ. ದೊಡ್ಡವರ ಕಾಲುಗವಸಿಗೆ, ಸೊಂಟಪಟ್ಟಿಗೆ, ಕಲ್ಲುಹಾಸಿನ ಮೇಲೆ ಕೂರುವ ಮಣೆಯ ಹೊದಿಕೆಗೆ ಅದರಂಥದ್ದು ಇನ್ನೊಂದಿಲ್ಲ. ಮಗ್ಗದಲ್ಲಿ ಮಿಕ್ಕ ಹಾಸಿನ ನೂಲು, ಅಂದರೆ ಉದ್ದಕ್ಕೆ ಬಿಗಿದ ನೂಲು, ಸಿಕ್ಕಿದ್ದರೆ ಕಡ್ಡಿಯಂತೆ ಸೆಟೆದಿರುತ್ತದೆ. ಅದು ಉಣ್ಣೆಯ ದೋಷವಲ್ಲ, ಆ ನೂಲಿಗೆ ಬಳಿದ ಹುಣಸೆಬೀಜದ ಅಂಟು. ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಎರಡು ನೀರಿನಲ್ಲಿ ಜಾಲಾಡಿದರೆ ಮೆತ್ತಗಾಗುತ್ತದೆ.

ಕೈನೂಲು ಒಂದೆಳೆಯದ್ದಾದರೆ ಹುರಿ, ಅಂದರೆ ನೂಲಿನ ತಿರುಚು, ಪರೀಕ್ಷಿಸಿ. ಮೊಳದುದ್ದ ಎಳೆದು ಎರಡು ತುದಿ ಹತ್ತಿರ ತನ್ನಿ. ನಡುವೆ ನೂಲು ತನ್ನ ಮೇಲೆ ತಾನೇ ಸರ್ರನೆ ಹೆಣೆದುಕೊಂಡರೆ ಹುರಿ ಜಾಸ್ತಿ. ಅಂಥ ನೂಲಲ್ಲಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದರೆ ಚೌಕ ಹೋಗಿ ವಾರೆಯಾಗುತ್ತದೆ. ಒಗೆದರೂ, ಜಗ್ಗಿದರೂ ನೆಟ್ಟಗಾಗುವುದಿಲ್ಲ, ಹುರಿ ಬಿಚ್ಚಿಕೊಳ್ಳಲು ನೋಡುವುದೇ ಕಾರಣ. ಎರಡು ದಾರಿ ಇದೆ. ಎಲ್ಲ ಸಾಲನ್ನೂ ಸೀದಾ ಹೆಣೆದರೆ ಎರಡೂ ಮುಖದ ಎಳೆತ ಒಂದಕ್ಕೊಂದು ಸರಿಹೋಗುತ್ತದೆ. ಇಲ್ಲವೇ ಎರಡೆಳೆ ಕೂಡಿಸಿ ಹೊಸೆಯಿರಿ: ಎರಡು ಉಂಡೆಯನ್ನು ಎರಡು ಚೊಂಬಿನೊಳಗೆ ಹಾಕಿಟ್ಟರೆ ಮನೆಯೆಲ್ಲ ಉರುಳಾಡುವುದಿಲ್ಲ. ತಕಲಿಯನ್ನು ನೂಲುವಾಗ ಬಲಕ್ಕೆ ತಿರುಗಿಸಿದ್ದರೆ ಈಗ ಎಡಕ್ಕೆ ತಿರುಗಿಸಬೇಕು. ಅದೇ ದಿಕ್ಕಿಗೆ ತಿರುಗಿಸಿದರೆ ಹುರಿ ಇನ್ನೂ ಏರಿ ದಾರ ಗಂಟುಗಂಟಾಗುತ್ತದೆ. ಹೆಣೆಯುವಾಗ ಕೈನೂಲು ಕಿತ್ತುಬರುವುದು ಸಣ್ಣಗಿರುವ ಕಡೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಆಗುವುದು ಉಲ್ಟಾ. ಹುರಿ ಸಣ್ಣಗಿರುವ ಕಡೆಗೆ ಓಡಿ ಸೇರಿಕೊಳ್ಳುತ್ತದೆ, ಉಬ್ಬಿದ ಕಡೆ ಹುರಿಯೇ ನಿಲ್ಲದೆ ಎಳೆ ಜಾರುತ್ತದೆ. ಉಬ್ಬು ಕಂಡಲ್ಲಿ ಬೆರಳಿಂದ ನಾಲ್ಕು ಸುತ್ತು ಹೊಸೆದು ಮುಂದೆ ಹೋಗಿ.

ಹಳೇ ಸ್ವೆಟರ್ ಬಿಚ್ಚುವವರು ಮೊದಲು ಪಕ್ಕದ ಹೊಲಿಗೆ ಒಳಗಿಂದ ನೋಡಬೇಕು. ಅಂಚು ಕತ್ತರಿಸಿ ಓವರ್‌ಲಾಕ್ ಹೊಡೆದಿದ್ದರೆ ಬಿಚ್ಚಲು ಕೂರಲೇಬೇಡಿ, ಪ್ರತಿ ಸಾಲಿಗೂ ಒಂದು ತುಂಡು ಬರುತ್ತದೆ. ಅಂಚು ಇಡಿಯಾಗಿದ್ದರೆ ಹೊಲಿಗೆ ತೆಗೆದು, ಹೆಣಿಗೆ ಮುಗಿಸಿದ ತುದಿಯಿಂದ, ಅಂದರೆ ಸಾಮಾನ್ಯವಾಗಿ ಹೆಗಲು, ಕುತ್ತಿಗೆ ಕಡೆಯಿಂದ ಎಳೆಯಿರಿ. ಬಿಚ್ಚಿದ ದಾರ ನೂಡಲ್ಸ್ ಹಾಗೆ ಗುಂಗುರಾಗಿರುತ್ತದೆ. ಹಾಗೇ ಹೆಣೆದರೆ ಕುಣಿಕೆ ಒಂದೊಂದು ಒಂದೊಂದು ಅಳತೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ. ಹಿಂಡಿ ತಿರುಚಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ನೇತುಹಾಕಿ. ಹೊಸ ಕೈನೂಲಿಗೂ ಇದೇ ಸ್ನಾನ. ಅದರಲ್ಲಿ ಜಿಡ್ಡಿರುವುದರಿಂದ ನೀರಿಗೆ ಅಂಟುವಾಳದ ನೊರೆ ಸೇರಿಸಿ. ಬಟ್ಟೆ ಸೋಡಾ ಮಾತ್ರ ಬೇಡ, ಅದರ ಕ್ಷಾರಕ್ಕೆ ಉಣ್ಣೆ ಬಡಕಲಾಗುತ್ತದೆ.

ಇನ್ನು ತೂಕ. ಅಡುಗೆಮನೆಯ ತಕ್ಕಡಿಯಲ್ಲಿ ನೋಡಿ: ಕೂಸಿನ ಕುಲಾವಿಗೆ 35 ಗ್ರಾಂ, ಕಿವಿಪಟ್ಟಿಗೆ 40, ಒಂದು ಜೊತೆ ಮಣಿಕಟ್ಟಿನ ಗವಸಿಗೆ 50, ದೊಡ್ಡವರ ಟೋಪಿಗೆ 70–80. ಒಂದೇ ಬಣ್ಣ ಸಾಲದಿದ್ದರೆ ಬೂದು, ಕಪ್ಪು ಇಂಥ ಯಾವುದಾದರೂ ಒಂದನ್ನು ಉದ್ದಕ್ಕೂ ಇಟ್ಟುಕೊಂಡು, ಮಿಕ್ಕ ಬಣ್ಣಗಳನ್ನು ಎರಡೆರಡು ಸಾಲು ನಡುವೆ ತೂರಿಸಿ. ಆಗ ಚಿಂದಿ ಸೇರಿಸಿದ ಹಾಗೆ ಕಾಣುವುದಿಲ್ಲ. ಕೆಂಪು, ಕಡುನೀಲಿ ಇದ್ದರೆ ಒದ್ದೆ ಬಿಳಿ ಬಟ್ಟೆಯಲ್ಲಿ 10 ನಿಮಿಷ ಒತ್ತಿಟ್ಟು ಬಣ್ಣ ಬಿಡುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಮೂರು ತಿಂಗಳೊಳಗಿನ ಕೂಸಿಗೆ ಕುಲಾವಿ ಹೀಗೆ. ಮೆತ್ತನೆಯ, 11–12 ಸುತ್ತಿನ ದಾರ, ನಂಬರ್ 8 ಕಡ್ಡಿ. ಮೊದಲು 20 ಕುಣಿಕೆ ಹಾಕಿ 40 ಸಾಲು ಎಲ್ಲವನ್ನೂ ಸೀದಾ ಹೆಣೆದು ಅಳೆಯಿರಿ. ಉದ್ದ ಅಗಲ ಎರಡೂ 10 ಸೆಂ.ಮೀ ಬರಬೇಕು. 9 ಬಂದರೆ ಕಡ್ಡಿ ದಪ್ಪ ಮಾಡಿ, 11 ಬಂದರೆ ಸಣ್ಣ ಮಾಡಿ. ಈ ತುಂಡನ್ನು ಬಿಚ್ಚಿ ದಾರ ವಾಪಸು ಪಡೆಯಬಹುದು, ಹಾಗಾಗಿ ಸೋಮಾರಿತನ ಬೇಡ. ಈಗ 60 ಕುಣಿಕೆ ಹಾಕಿ. ಇದು ಕೂಸಿನ ಮುಖದ ಸುತ್ತ ಬರುವ ಅಂಚು. 44 ಸಾಲು ಸೀದಾ ಹೆಣೆಯಿರಿ. ಎರಡು ಸಾಲಿಗೆ ಒಂದು ಏಣು ಏಳುತ್ತದೆ, 22 ಏಣು ಎಣಿಸಿದರೆ ಆಯಿತು. ಮುಂದಿನ ಸಾಲಿನಲ್ಲಿ 39 ಹೆಣೆದು, 40 ಮತ್ತು 41ನೇ ಕುಣಿಕೆಗಳನ್ನು ಒಟ್ಟಿಗೆ ಒಂದಾಗಿ ಹೆಣೆದು, ಮಿಕ್ಕ 19 ಬಿಟ್ಟು ಅಲ್ಲೇ ತಿರುಗಿಸಿ. ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಿ, 18 ಹೆಣೆದು, ನಡುವಿನ ಕೊನೆಯದನ್ನು ಆ ಕಡೆಯ ಪಕ್ಕದ ಮೊದಲನೆಯದರ ಜೊತೆ ಸೇರಿಸಿ ಹೆಣೆದು ತಿರುಗಿಸಿ. ಹೀಗೇ ಹೋಗುತ್ತಾ ನಡುವಿನ 20 ಕುಣಿಕೆ ಪ್ರತಿ ಸಾಲಿಗೂ ಪಕ್ಕದ ಒಂದೊಂದನ್ನು ನುಂಗುತ್ತವೆ. 40 ಸಾಲಿಗೆ ಎರಡೂ ಪಕ್ಕ ಖಾಲಿ, ತಲೆಯ ಹಿಂಭಾಗ ಹೊಲಿಗೆಯಿಲ್ಲದೆ ತಾನಾಗಿ ಕೂಡಿಕೊಂಡಿರುತ್ತದೆ. ತೂತು ಕಂಡರೆ ತಿರುಗಿಸುವಾಗ ದಾರ ಸಡಿಲ ಬಿಟ್ಟಿದ್ದೀರಿ ಎಂದರ್ಥ.

ದಾರ ಕತ್ತರಿಸಿ, ಮುಖದ ಕಡೆಯ ಮೂಲೆಯಿಂದ ಹೊಸದಾಗಿ ಶುರುಮಾಡಿ ಕೆಳ ಅಂಚಿನಿಂದ ಪ್ರತಿ 4 ಏಣಿಗೆ 3ರ ಲೆಕ್ಕದಲ್ಲಿ 16 ಕುಣಿಕೆ ಎತ್ತಿಕೊಳ್ಳಿ. ನಡುವಿನ 20ನ್ನು ಎರಡೆರಡು ಸೇರಿಸಿ 10 ಮಾಡಿ, ಇನ್ನೊಂದು ಪಕ್ಕದಿಂದ ಮತ್ತೆ 16. ಒಟ್ಟು 42. ಒಂದು ಕುಣಿಕೆ ಸೀದಾ, ಒಂದು ಕುಣಿಕೆ ಉಲ್ಟಾ ಎಂದು 6 ಸಾಲು ಹೆಣೆದು ಸಡಿಲವಾಗಿ ಮುಚ್ಚಿ. ಬಿಗಿಯಾಗಿ ಮುಚ್ಚಿದರೆ ಕುತ್ತಿಗೆಯಲ್ಲಿ ಗೆರೆ ಬೀಳುತ್ತದೆ. ಕಟ್ಟಲು ಎರಡು ಪಕ್ಕ 20 ಸೆಂ.ಮೀ ಮೆತ್ತನೆಯ ಹತ್ತಿ ಪಟ್ಟಿ ಸಾಕು. ಉದ್ದ ಲಾಡಿ, ಮಣಿ, ಗುಂಡಿ, ಕುಚ್ಚು ಹಾಕಬೇಡಿ, ಕಿತ್ತುಬಂದರೆ ಬಾಯಿಗೆ ಹೋಗುತ್ತದೆ. ಮಲಗಿಸುವಾಗ ಕುಲಾವಿ ತೆಗೆದುಬಿಡಿ. ಕೂಸಿಗೆ ಸೆಖೆಯಾದರೆ ಹೇಳಲು ಬರುವುದಿಲ್ಲ, ಕತ್ತಿನ ಹಿಂದೆ ಬೆವರಿದೆಯೇ ಎಂದು ಕೈಯಿಟ್ಟು ನೋಡಬೇಕು.

ಮಣಿಕಟ್ಟಿನ ಗವಸು ಇದಕ್ಕಿಂತ ಸುಲಭ: 42 ಕುಣಿಕೆ, ಎರಡು ಕುಣಿಕೆ ಸೀದಾ ಎರಡು ಕುಣಿಕೆ ಉಲ್ಟಾ, 18 ಸೆಂ.ಮೀ ಉದ್ದ. ಅಂಚುಗಳನ್ನು ಸೇರಿಸಿ ಕೆಳಗಿಂದ 10 ಸೆಂ.ಮೀ ಹೊಲಿದು, ಹೆಬ್ಬೆರಳಿಗೆ 5 ಬಿಟ್ಟು, ಮೇಲೆ 3 ಹೊಲಿಯಿರಿ. ಗಂಡಸರ ಕೈಗೆ 50 ಕುಣಿಕೆ. ಕಿವಿಪಟ್ಟಿಗೆ 20 ಕುಣಿಕೆಯ ಸೀದಾ ಪಟ್ಟಿ ತಲೆಯ ಸುತ್ತಳತೆಗಿಂತ 6–7 ಸೆಂ.ಮೀ ಗಿಡ್ಡವಾಗಿ ಹಾಕಿ ಕೂಡಿಸಿ. ಸರಿಯಳತೆಗೆ ಹಾಕಿದರೆ ವಾರದಲ್ಲಿ ಹುಬ್ಬಿನ ಮೇಲೆ ಜಾರುತ್ತದೆ.

ಉಳಿದ ದಾರದ ಕೆಲಸದಲ್ಲಿ ತುದಿಗಳೇ ದೊಡ್ಡ ಕಾಟ. ಗಂಟು ಹಾಕಿದರೆ ಕಿವಿಗೆ, ಅಂಗಾಲಿಗೆ ಒತ್ತುತ್ತದೆ. ಉಣ್ಣೆಯಾದರೆ ಎರಡು ತುದಿಗಳ ಹುರಿಯನ್ನು 5–6 ಸೆಂ.ಮೀ ಬಿಚ್ಚಿ, ಒಂದರ ಮೇಲೊಂದಿಟ್ಟು, ನೀರು ತಾಗಿಸಿ, ಅಂಗೈಯಲ್ಲಿ ಬತ್ತಿ ಹೊಸೆದ ಹಾಗೆ ಬಿಸಿಯಾಗುವವರೆಗೆ ಉಜ್ಜಿ, ಒಂದೇ ಎಳೆಯಾಗುತ್ತದೆ. ಅಕ್ರಿಲಿಕ್‌ಗೂ, ಮೆಷಿನ್ ಒಗೆತಕ್ಕೆಂದು ಹದಮಾಡಿದ ಉಣ್ಣೆಗೂ ಈ ಉಪಾಯ ನಡೆಯದು. ಅವಕ್ಕೆ 10 ಸೆಂ.ಮೀ ತುದಿ ಬಿಟ್ಟು, ಕೊನೆಯಲ್ಲಿ ಸೂಜಿಯಿಂದ ಒಳಮುಖದಲ್ಲಿ ಒಂದು ದಿಕ್ಕಿಗೆ 5, ತಿರುಗಿ 3 ಸೆಂ.ಮೀ ಹೆಣೆದು ಅಡಗಿಸಿ.

ಚಳಿ ಮುಗಿದ ಮೇಲೆ ಒಗೆಯದೆ ಎತ್ತಿಡಬೇಡಿ. ಉಣ್ಣೆ ತಿನ್ನುವ ಹುಳ ಬೆವರು, ಜಿಡ್ಡು ಹತ್ತಿದ ಜಾಗವನ್ನೇ ಹುಡುಕಿಕೊಂಡು ಬರುತ್ತದೆ. ಒಗೆದು, ಪೂರ್ತಿ ಒಣಗಿಸಿ, ಗಟ್ಟಿಯಾಗಿ ಮುಚ್ಚುವ ಡಬ್ಬಿಯಲ್ಲಿಟ್ಟು, ಎರಡು ತಿಂಗಳಿಗೊಮ್ಮೆ ತೆಗೆದು ಕೊಡವಿ ಬಿಸಿಲಿಗೆ ಹಾಕಿ. ನುಸಿಗುಳಿಗೆಯನ್ನು ಕೂಸಿನ ಬಟ್ಟೆಯ ಹತ್ತಿರ ಮಾತ್ರ ಇಡಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇರುವ ಒಂದು ಕೊರತೆಯಿಂದ ಅದರ ಹಬೆ ರಕ್ತಕ್ಕೆ ತೊಂದರೆ ಮಾಡುತ್ತದೆ.