ಯಾರಿಗೆ ಯಾವ ಕಾದಂಬರಿ? ಇತಿಹಾಸ, ಪತ್ತೇದಾರಿ ಓದಿಸಿದ ನನ್ನ ಅನುಭವ

‘ಒಂದು ಒಳ್ಳೆ ಕಾದಂಬರಿ ಹೇಳಿ’ ಅಂತ ಯಾರಾದರೂ ಕೇಳಿದರೆ ನಾನು ತಕ್ಷಣ ಹೆಸರು ಹೇಳುವುದಿಲ್ಲ. ‘ಇತ್ತೀಚೆಗೆ ಅರ್ಧಕ್ಕೇ ಬಿಟ್ಟ ಪುಸ್ತಕ ಯಾವುದು? ಯಾಕೆ ಬಿಟ್ಟಿರಿ?’ ಅಂತ ಮೊದಲು ಕೇಳುತ್ತೇನೆ. ಇಷ್ಟವಾದ ಪುಸ್ತಕ ಯಾವುದು ಅಂದರೆ ಜನ ಯಾವುದಾದರೂ ದೊಡ್ಡ ಹೆಸರು ಹೇಳಿ ಮುಗಿಸುತ್ತಾರೆ. ಬಿಟ್ಟ ಪುಸ್ತಕದ ಮಾತು ಬಂದರೆ ಮನಸ್ಸು ಬಿಚ್ಚುತ್ತಾರೆ. ‘ಹೆಸರುಗಳು ಜಾಸ್ತಿ, ಯಾರು ಯಾರ ಮಗ ಅಂತ ನೆನಪಿರಲ್ಲ’ ಅನ್ನುತ್ತಾರೆ ಒಬ್ಬರು. ‘ಐವತ್ತು ಪುಟ ಆದರೂ ಏನೂ ನಡೀಲಿಲ್ಲ’ ಅನ್ನುತ್ತಾರೆ ಇನ್ನೊಬ್ಬರು. ‘ಇದು ನಿಜವಾಗಿ ನಡೆದದ್ದಾ, ಕಟ್ಟಿದ್ದಾ ಗೊತ್ತಾಗದೆ ಕಿರಿಕಿರಿ ಆಯ್ತು’ ಅನ್ನುವವರೂ ಇದ್ದಾರೆ. ಇವರಿಗೆಲ್ಲ ಒಂದೇ ಪುಸ್ತಕ ಕೊಡೋಕಾಗುತ್ತಾ?

ನಾನಿರುವುದು ಶಿವಮೊಗ್ಗದಲ್ಲಿ, ಊರು ಹೊಸನಗರದ ಕಡೆ. ಗೆಳೆಯರು, ನೆಂಟರು, ಬೀದಿಯವರು ಪುಸ್ತಕ ಕೇಳಿಕೊಂಡು ಮನೆಗೆ ಬರುತ್ತಾರೆ. ನಮ್ಮದೇ ಒಂದು ಚಿಕ್ಕ ಓದುಗರ ಬಳಗವೂ ಇದೆ. ಐತಿಹಾಸಿಕ ಕಾದಂಬರಿ, ಪತ್ತೇದಾರಿ ಎರಡೂ ನನಗೆ ಪ್ರಾಣ. ಸಾಮಾನ್ಯವಾಗಿ ಮೊದಲನೆಯದಕ್ಕೆ ಗೌರವ ಜಾಸ್ತಿ, ಎರಡನೆಯದು ಟೈಂಪಾಸ್ ಅನ್ನುವ ಮಾತಿದೆ. ನನಗೆ ಹಾಗೆ ಅನಿಸಿಲ್ಲ. ಎರಡರಲ್ಲೂ ಏನೋ ಒಂದು ನಡೆದುಹೋಗಿರುತ್ತದೆ. ಉಳಿದ ಕುರುಹು ಹಿಡಿದು ಹಿಂದಕ್ಕೆ ಹೋಗಬೇಕು. ಹಾಗಾಗಿ ಒಂದರ ಓದುಗರನ್ನು ಇನ್ನೊಂದಕ್ಕೆ ಕರೆತರುವುದು ಅಷ್ಟೇನೂ ಕಷ್ಟವಲ್ಲ. ಓದುಗರಿಗೆ ಗೊತ್ತಿರುವ ಒಂದು ಜಾಗ ಬೇಕು, ಉತ್ತರ ಸಿಗದ ಒಂದು ಪ್ರಶ್ನೆ ಬೇಕು.

ನಮ್ಮ ಕಡೆಯವರಿಗೆ ನಾನು ಶುರು ಮಾಡುವುದು ನಗರದಿಂದ. ಹೊಸನಗರ ತಾಲ್ಲೂಕಿನ ನಗರ, ಹಿಂದಿನ ಬಿದನೂರು. ಕೊಲ್ಲೂರಿಗೆ ಹೋಗುವಾಗ ಎಷ್ಟೋ ಜನ ಆ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿರುತ್ತಾರೆ, ಇಳಿದಿರುವುದಿಲ್ಲ. ಕೆಳದಿ ನಾಯಕರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಹಿಡಿದ. ಇಷ್ಟು ಶಾಲೆಯಲ್ಲೇ ಓದಿರುತ್ತಾರೆ. ಅದರ ಹಿಂದಿನ ಗಂಟು ಯಾರೂ ಹೇಳಿರುವುದಿಲ್ಲ.

ಬಸಪ್ಪ ನಾಯಕ ತೀರಿಕೊಂಡ ಮೇಲೆ ದತ್ತುಮಗ ಚೆನ್ನಬಸಪ್ಪ ನಾಯಕ ಪಟ್ಟಕ್ಕೆ ಬಂದ. ಆಗ ರಾಣಿ ಬಸಪ್ಪನ ಹೆಂಡತಿ ವೀರಮ್ಮಾಜಿ. ಹುಡುಗ ಹೆಚ್ಚು ಕಾಲ ಬಾಳಲಿಲ್ಲ. ಕೊಲ್ಲಿಸಿದರು ಅನ್ನುವ ಮಾತು ಹಬ್ಬಿತು. ರಾಣಿ ಮತ್ತೊಬ್ಬನನ್ನು ದತ್ತು ತೆಗೆದುಕೊಂಡು ಆಳ್ವಿಕೆ ನಡೆಸಿದಳು. ಕೆಲವು ವರ್ಷ ಕಳೆದ ಮೇಲೆ, ಚಿತ್ರದುರ್ಗದ ನಾಯಕನ ಮೂಲಕ ಒಬ್ಬ ಹೈದರನ ಮುಂದೆ ಬಂದು ನಿಂತ. ನಾನೇ ಆ ಚೆನ್ನಬಸಪ್ಪ, ಸತ್ತಿಲ್ಲ, ತಪ್ಪಿಸಿಕೊಂಡೆ ಅಂದ. ಹೈದರನಿಗೆ ಬಿದನೂರಿನ ಮೇಲೆ ದಂಡೆತ್ತಿ ಬರಲು ಅದೇ ನೆಪವಾಯಿತು.

ಇಲ್ಲಿಗೆ ನಾನು ಮಾತು ನಿಲ್ಲಿಸುತ್ತೇನೆ. ‘ಹಾಗಾದ್ರೆ ಬಂದವನು ಯಾರು?’ ಅಂತ ಎದುರಿನವರು ಕೇಳಿದರೆ ಮಾಸ್ತಿಯವರ ‘ಚೆನ್ನಬಸವ ನಾಯಕ’ ಕೈಗೆ ಕೊಡುತ್ತೇನೆ. ಈ ಪ್ರಶ್ನೆಗೆ ಅದರಲ್ಲಿ ಉತ್ತರ ಇದೆ ಅಂತ ಮಾತು ಕೊಡುವುದಿಲ್ಲ. ಆ ಅರಮನೆಯ ಕೊನೆಯ ವರ್ಷಗಳು ಒಳಗಿನಿಂದ ಹೇಗಿದ್ದಿರಬಹುದು ಅನ್ನುವುದು ಸಿಗುತ್ತದೆ ಅನ್ನುತ್ತೇನೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ: ಕತ್ತಿ, ಕುದುರೆ, ರಣರಂಗ ಬೇಕಿದ್ದರೆ ಇದಲ್ಲ. ಮಾಸ್ತಿ ದನಿ ಏರಿಸಿ ಬರೆಯುವವರಲ್ಲ. ಅವರ ಜನ ಕೂತು ಮಾತಾಡುತ್ತಾರೆ, ಆ ಮಾತಿನಲ್ಲೇ ರಾಜ್ಯ ಕುಸಿಯುತ್ತದೆ. ಈ ನಿಧಾನ ಹಿಡಿಸಿದವರಿಗೆ ಮುಂದೆ ‘ಚಿಕವೀರ ರಾಜೇಂದ್ರ’. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋದ ಕಥೆ.

ಇಂಗ್ಲಿಷ್ ಓದುವವರಿಗೆ ಇದರ ಜೊತೆ ಜೋಸೆಫೀನ್ ಟೇ ಬರೆದ ‘ದಿ ಡಾಟರ್ ಆಫ್ ಟೈಮ್’ ಕೊಡುತ್ತೇನೆ. 1951ರ ಪುಸ್ತಕ. ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿರುವ ಪೊಲೀಸ್ ಅಧಿಕಾರಿ ಹಾಸಿಗೆಯಿಂದಲೇ ಹದಿನೈದನೇ ಶತಮಾನದ ಒಂದು ಕೇಸು ಬಿಚ್ಚುತ್ತಾನೆ. ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್ ತನ್ನ ಅಣ್ಣನ ಇಬ್ಬರು ಗಂಡುಮಕ್ಕಳನ್ನು ನಿಜವಾಗಿ ಕೊಲ್ಲಿಸಿದನಾ ಅನ್ನುವುದು ಪ್ರಶ್ನೆ. ಆ ಹುಡುಗರು ಕಣ್ಮರೆಯಾದ ಎಷ್ಟೋ ವರ್ಷಗಳ ಮೇಲೆ ಇಂಗ್ಲೆಂಡಿನಲ್ಲೂ ಪರ್ಕಿನ್ ವಾರ್ಬೆಕ್ ಅನ್ನುವವನು ಬಂದು ‘ಅವರಲ್ಲಿ ಒಬ್ಬ ನಾನೇ’ ಅಂದಿದ್ದ. ನಗರದ ಕೋಟೆ ಪಕ್ಕದವರಿಗೆ ಈ ಕಥೆ ಹೊಸದಲ್ಲ, ಅಲ್ವಾ? ಬಳಗದಲ್ಲಿ ಈ ಎರಡು ಪುಸ್ತಕ ಒಟ್ಟಿಗೆ ಓದಿದ ತಿಂಗಳು ಮಾತು ಮುಗಿಯಲೇ ಇಲ್ಲ.

ಐತಿಹಾಸಿಕ ಕಾದಂಬರಿಯ ಕೊನೆಯನ್ನು ನಾನು ಬಚ್ಚಿಡುವುದಿಲ್ಲ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕೊಡುವಾಗ ಮದಕರಿ ನಾಯಕ ಸೋಲುತ್ತಾನೆ, 1779ರಲ್ಲಿ ದುರ್ಗ ಹೈದರನ ಪಾಲಾಗುತ್ತದೆ ಅಂತ ಮೊದಲೇ ಹೇಳಿರುತ್ತೇನೆ. ಓದುಗರಿಗೆ ಅದು ಗೊತ್ತಿರುವುದೇ ಲಾಭ. ಗೆದ್ದ ಪ್ರತಿ ಸಲವೂ, ನಕ್ಕ ಪ್ರತಿ ಸಲವೂ ಕರುಳು ಚುರ್ ಅನ್ನುತ್ತದೆ. ಆ ಪುಸ್ತಕಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಅದರ ಗಾತ್ರ ನೋಡಿಯೇ ಹೆದರುವವರಿದ್ದಾರೆ. ಅಂಥವರಿಗೆ, ಅದರಲ್ಲೂ ಪತ್ತೇದಾರಿ ಓದಿ ಅಭ್ಯಾಸ ಇರುವವರಿಗೆ, ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಇದೇ ಕ್ರಮದಲ್ಲಿ ಕೊಡುತ್ತೇನೆ. ಅದೇ ಚಿತ್ರದುರ್ಗ, ಇನ್ನೂ ಹಿಂದಿನ ಕಾಲ. ಅರಮನೆಯೊಳಗಿನ ಪಿತೂರಿ, ದಳವಾಯಿ ಮುದ್ದಣ್ಣನ ಆಟ. ಯಾರು ಯಾರ ಪರ ಅಂತ ಎಣಿಸುವುದರಲ್ಲೇ ರಾತ್ರಿ ಕಳೆಯುತ್ತದೆ.

ಹೆಸರು ನೆನಪಿರಲ್ಲ ಅನ್ನುವವರಿಗೆ ನಾನು ಒಂದು ಚೀಟಿ ಮಾಡಿಕೊಡುತ್ತೇನೆ. ಪೋಸ್ಟ್‌ಕಾರ್ಡ್ ಅಗಲದ ದಪ್ಪ ಕಾಗದ. ಮೇಲೆ ರಾಜಮನೆತನ, ಅಪ್ಪ ಮಗ ಅಣ್ಣ ತಮ್ಮ, ಗೆರೆ ಎಳೆದು. ಕೆಳಗೆ ಅಧಿಕಾರದವರು: ದಳವಾಯಿ, ಪ್ರಧಾನಿ, ಗುರು. ಹಿಂಬದಿಯಲ್ಲಿ ಊರುಗಳ ಹೆಸರು, ಈಗ ಯಾವ ತಾಲ್ಲೂಕು ಅಂತ. ಯಾರು ಸಾಯುತ್ತಾರೆ, ಯಾರು ಮೋಸ ಮಾಡುತ್ತಾರೆ ಅಂತ ಬರೆಯುವುದಿಲ್ಲ. ಅದನ್ನೇ ಪುಟದ ಗುರುತಿಗೆ ಇಟ್ಟುಕೊಳ್ಳಿ ಅನ್ನುತ್ತೇನೆ. ಇಷ್ಟು ಮಾಡಿದರೆ ದೊಡ್ಡ ಕಾದಂಬರಿ ಅರ್ಧಕ್ಕೆ ಬಿಡುವವರು ತುಂಬ ಕಮ್ಮಿಯಾಗುತ್ತಾರೆ. ಚೀಟಿಯ ಖಾಲಿ ಜಾಗದಲ್ಲಿ ತಾವೇ ಹೆಸರು ಸೇರಿಸಿ ವಾಪಸ್ ಕೊಡುವವರೂ ಇದ್ದಾರೆ. ಆ ಚೀಟಿ ಮುಂದಿನವರಿಗೆ ಇನ್ನೂ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಪತ್ತೇದಾರಿಯ ದಾರಿಯೇ ಬೇರೆ. ಅದನ್ನು ಹೇಗೆ ಆರಿಸಬೇಕು ಅಂತ ನಾನು ಕಲಿತದ್ದು ಅಡಿಕೆ ಸುಲಿಯುವ ಜಗಲಿಯಲ್ಲಿ. ಈಗ ಎಷ್ಟೋ ಮನೆಗಳಲ್ಲಿ ಸುಲಿಯುವ ಮೆಷಿನ್ ಬಂದಿದೆ. ಮುಂಚೆ ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟ ಆದಮೇಲೆ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂರುತ್ತಿದ್ದರು. ಕೈ ಕೆಲಸದಲ್ಲಿ, ಕಿವಿ ಖಾಲಿ. ನಾನು ಗಟ್ಟಿಯಾಗಿ ಕಾದಂಬರಿ ಓದುತ್ತಿದ್ದೆ. ವರ್ಣನೆ ಉದ್ದವಾದರೆ ಮಾತು ಬೇರೆ ಕಡೆ ಹೋಗುತ್ತಿತ್ತು. ಎನ್. ನರಸಿಂಹಯ್ಯನವರದ್ದು ತೆಗೆದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಅವರು ಶಾಲೆಗೆ ಹೋದದ್ದು ನಾಲ್ಕನೇ ತರಗತಿವರೆಗೆ. 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಶುರುಮಾಡಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಚಿಕ್ಕ ವಾಕ್ಯ, ಮಾತಿನಲ್ಲೇ ಓಡುವ ಕಥೆ. ಕನ್ನಡದಲ್ಲಿ ಓದುವ ಅಭ್ಯಾಸ ಹಚ್ಚಿದವರ ಹೆಸರು ಹೇಳುವಾಗ ಇವರನ್ನು ಬಿಟ್ಟರೆ ನನಗೆ ಸಂಕಟವಾಗುತ್ತದೆ.

ಆ ಜಗಲಿಯಲ್ಲಿ ನಮ್ಮ ದೊಡ್ಡಮ್ಮ ಒಬ್ಬರು ಅಪರಾಧಿ ಯಾರು ಅಂತ ನಡುವಿನಲ್ಲೇ ಹೇಳಿಬಿಡುತ್ತಿದ್ದರು. ಅವರ ಲೆಕ್ಕ ಹೀಗೆ: ‘ಕಥೆಯಲ್ಲಿ ಏನೂ ಕೆಲಸ ಇಲ್ಲದೆ ಸುಮ್ನೆ ಬಂದುಹೋಗೋನ ಮೇಲೆ ಕಣ್ಣಿಡು.’ ತಮ್ಮ ಊಹೆ ತಪ್ಪಿದರೆ ಅವರಿಗೆ ಖುಷಿ. ಕೊನೇ ಅಧ್ಯಾಯದಲ್ಲಿ ಎಲ್ಲಿಂದಲೋ ಹೊಸಬನನ್ನು ತಂದು ಇವನೇ ಕೊಲೆಗಾರ ಅಂದರೆ ಮಾತ್ರ ಸಿಟ್ಟು. ಅಂದಿನಿಂದ ನನ್ನ ಅಳತೆಗೋಲು ಅದೇ. ಅಪರಾಧಿ ಮೊದಲಿಂದ ಓದುಗರ ಕಣ್ಣೆದುರು ಓಡಾಡಿರಬೇಕು. ಸುಳಿವೆಲ್ಲ ಪುಟಗಳಲ್ಲೇ ಇರಬೇಕು. ಅಗಾಥಾ ಕ್ರಿಸ್ಟಿಯನ್ನು ಧೈರ್ಯವಾಗಿ ಕೊಡುವುದು ಇದಕ್ಕೇ. ಒಂದು ಗಂಟೆಯೂ ಬಿಡುವಿಲ್ಲದವರಿಗೆ ಷರ್ಲಾಕ್ ಹೋಮ್ಸ್‌ನ ಸಣ್ಣ ಕಥೆಗಳು. 56 ಇವೆ, ಒಂದೊಂದನ್ನು ಒಂದೇ ಕೂತಿನಲ್ಲಿ ಮುಗಿಸಬಹುದು.

ಪತ್ತೇದಾರಿ ಕೊಡುವಾಗ ನಾನು ಮೊದಲ ಸಾವಿನ ಆಚೆಗೆ ಒಂದು ಮಾತೂ ಹೇಳುವುದಿಲ್ಲ. ‘ಕೊನೆಯಲ್ಲಿ ಒಂದು ತಿರುವು ಇದೆ ನೋಡಿ’ ಅಂತಲೂ ಹೇಳಬಾರದು. ಹೇಳಿದರೆ ಓದುಗರು ಪುಟಪುಟಕ್ಕೂ ಕಾವಲು ಕೂರುತ್ತಾರೆ, ತಿರುವು ಬಂದಾಗ ‘ಇಷ್ಟೇನಾ’ ಅನಿಸುತ್ತದೆ. ವೇಗ ಹೇಗಿದೆ, ರಕ್ತ ಎಷ್ಟಿದೆ, ಹೆದರಿಕೆ ಎಷ್ಟಿದೆ ಅನ್ನುವುದನ್ನು ಹೇಳಬಹುದು, ಹೇಳಬೇಕು. ಮನೆಯಲ್ಲಿ ಒಬ್ಬರೇ ಇರುವವರಿಗೆ, ಜುಲೈ ಮಳೆಯಲ್ಲಿ ಕರೆಂಟ್ ಹೋಗುವ ಹಳ್ಳಿಯವರಿಗೆ ಅದು ಗೊತ್ತಿರುವುದು ಒಳ್ಳೆಯದು.

ಹಳೇ ಪುಸ್ತಕ ಕೊಡುವ ಮುಂಚೆ ಎರಡು ಜಾಗ ನೋಡಲೇಬೇಕು. ಕೊನೆಯ ಹಾಳೆಗಳು ಇವೆಯಾ, ಮೊದಲ ಪುಟದಲ್ಲಿ ಯಾರಾದರೂ ಏನಾದರೂ ಬರೆದಿದ್ದಾರಾ. ಬಾಡಿಗೆ ಲೈಬ್ರರಿಗಳಿಂದ ಬಂದ ಪತ್ತೇದಾರಿಗಳಲ್ಲಿ ಕೊಲೆಗಾರನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತಾರೆ. ರಬ್ಬರ್ ಹಿಡಿದು ಕೂತು ಅಳಿಸುತ್ತೇನೆ. ಪೆನ್ನಿನಲ್ಲಿದ್ದರೆ ಮೇಲೆ ಕಾಗದ ಅಂಟಿಸುತ್ತೇನೆ. ಮಳೆಗಾಲದಲ್ಲಿ ಬೂಷ್ಟು ಹಿಡಿದು ಕೊನೆಯ ಪುಟಗಳು ಅಂಟಿಕೊಳ್ಳುವುದೂ ನಮ್ಮ ಕಡೆ ಮಾಮೂಲು. ಬಿಸಿಲು ಬಂದ ಕೂಡಲೇ ಬಿಡಿಸಿ ನೋಡಬೇಕು.

‘ಪತ್ತೇದಾರಿ ಎಲ್ಲ ನಾವು ಓದಲ್ಲ’ ಅನ್ನುವವರಿಗೆ ತೇಜಸ್ವಿ. ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ಬೆಳೆ ಇದೆ, ಅನುಮಾನ ಹುಟ್ಟಿಸುವ ಸಾವಿದೆ, ಹುಡುಕಿಕೊಂಡು ಬರುವ ಅಧಿಕಾರಿ ಇದ್ದಾರೆ. 1987ರಲ್ಲಿ ಅದಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಜುಗಾರಿ ಕ್ರಾಸ್’ ಇನ್ನೂ ವೇಗದ್ದು. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿಯ ಕಥೆಯೊಳಗೆ ಹಳೇ ಕಾವ್ಯವೊಂದು ಬಂದು ಸೇರಿಕೊಳ್ಳುತ್ತದೆ. ಇದಕ್ಕಿಂತ ಹೆಚ್ಚು ಹೇಳಲಾರೆ. ಘಟ್ಟದ ರಸ್ತೆ, ಕಾಡು, ಲಾರಿ ಎಲ್ಲ ಕಂಡವರಿಗೆ ಅದರ ಭಯ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ‘ನಿಜವಾ, ಕಟ್ಟಿದ್ದಾ’ ಅನ್ನುವವರು. ಇವರ ಮೇಲೆ ನನಗೆ ವಿಶೇಷ ಪ್ರೀತಿ. ಅವರಿಗೆ ಮೊದಲು ಕೆ.ಎನ್. ಗಣೇಶಯ್ಯ. ಕೃಷಿ ವಿಜ್ಞಾನಿ. ಕಾದಂಬರಿಯ ಜೊತೆಗೇ ತಮ್ಮ ಆಧಾರಗಳನ್ನೂ ಚಿತ್ರಗಳನ್ನೂ ಕೊಡುತ್ತಾರೆ. ‘ಕನಕ ಮುಸುಕು’ ಕೊಡುವಾಗ ಒಂದೇ ಪ್ರಶ್ನೆ ಕೇಳುತ್ತೇನೆ: ಮುಸುಕಿನ ಜೋಳ ಅಮೆರಿಕದ ಬೆಳೆ, ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ. ಹದಿಮೂರನೇ ಶತಮಾನದ ಸೋಮನಾಥಪುರದ ಶಿಲ್ಪಗಳ ಕೈಯಲ್ಲಿ ಜೋಳದ ತೆನೆಯಂಥದ್ದು ಹೇಗೆ ಬಂತು? ಅದು ಜೋಳವೇ ಅಲ್ಲ ಅನ್ನುವ ವಿದ್ವಾಂಸರೂ ಇದ್ದಾರೆ. ಶಿವಮೊಗ್ಗ, ಶಿಕಾರಿಪುರದ ಬಯಲಿನಲ್ಲಿ ಮುಸುಕಿನ ಜೋಳ ಬೆಳೆಯುವವರು ಈ ಪ್ರಶ್ನೆ ಕೇಳಿ ಪುಸ್ತಕ ಕೆಳಗಿಟ್ಟದ್ದು ನಾನು ನೋಡಿಲ್ಲ.

ಇದೇ ಓದುಗರು ವೀರಮ್ಮಾಜಿಯ ವಿಷಯಕ್ಕೆ ಜಗಳವಾಡುತ್ತಾರೆ. ‘ಗೆದ್ದವರ ಕಡೆಯವರು ರಾಣಿಯ ಹೆಸರು ಕೆಡಿಸಿ ಬರೆದರು, ಕಾದಂಬರಿ ಅದನ್ನೇ ನಂಬಿತು’ ಅಂತ ಬಳಗದ ಒಬ್ಬರ ವಾದ. ಅವರ ಮಾತಿನಲ್ಲಿ ತೂಕ ಇದೆ. ಅದಕ್ಕೇ ಕಾದಂಬರಿಯ ಜೊತೆ ಕೆಳದಿ ಅರಸರ ಚರಿತ್ರೆ ಹೇಳುವ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದ ಹೆಸರನ್ನೂ ಹೇಳುತ್ತೇನೆ. ಸಾಗರದ ಹತ್ತಿರದ ಕೆಳದಿಯ ಮ್ಯೂಸಿಯಂಗೆ ಹೋಗಿ ತಾಳೆಗರಿ ನೋಡಿಬನ್ನಿ ಅನ್ನುತ್ತೇನೆ.

ನನಗೆ ತುಂಬ ಫಲ ಕೊಟ್ಟಿರುವುದು ಒಬ್ಬರ ಮೇಲೆ ಬಂದ ಎರಡು ಪುಸ್ತಕ ಜೋಡಿಸಿ ಕೊಡುವುದು. ಗೇರುಸೊಪ್ಪೆಯ ಚೆನ್ನಭೈರಾದೇವಿ ಹದಿನಾರನೇ ಶತಮಾನದಲ್ಲಿ ಐದು ದಶಕ ಆಳಿದ ರಾಣಿ. ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಇವಳನ್ನೇ. ಗಣೇಶಯ್ಯ ‘ಬಳ್ಳಿಕಾಳ ಬೆಳ್ಳಿ’ ಬರೆದರು. ಗಜಾನನ ಶರ್ಮ ‘ಚೆನ್ನಭೈರಾದೇವಿ’ ಬರೆದರು. ಮೊದಲನೆಯದು ಹುಡುಕಾಟದ ದಾರಿ, ಎರಡನೆಯದು ರಾಣಿಯ ಬಾಳಿನ ದಾರಿ. ಅವಳ ಕಾನೂರು ಕೋಟೆ ಸಾಗರ ತಾಲ್ಲೂಕಿನ ಕಾಡಿನಲ್ಲಿದೆ. ಅವಳನ್ನು ಸೋಲಿಸಿ ಸೆರೆ ಹಿಡಿದವರು ಯಾರು? ನಮ್ಮ ಕೆಳದಿ ನಾಯಕರೇ, ವೆಂಕಟಪ್ಪ ನಾಯಕನ ಕಾಲದಲ್ಲಿ. ಬಿದನೂರು ಬಿದ್ದದ್ದಕ್ಕೆ ಮರುಗಿದ ಓದುಗರು ಇಲ್ಲಿ ಅದೇ ಮನೆತನವನ್ನು ಎದುರುಪಕ್ಷದಲ್ಲಿ ನೋಡಬೇಕಾಗುತ್ತದೆ. ಆಗ ಬಳಗದಲ್ಲಿ ನಡೆಯುವ ಮಾತು ಕೇಳಲೆಂದೇ ನಾನು ಬಿದನೂರಿನ ಪುಸ್ತಕ ಮೊದಲು ಕೊಡುವುದು, ಗೇರುಸೊಪ್ಪೆಯದು ಆಮೇಲೆ.

ಹೊಸನಗರದ ಕಡೆಯ ನನ್ನ ನೆಂಟರೊಬ್ಬರು, ತೋಟದಲ್ಲಿ ಕಾಳುಮೆಣಸು ಬೆಳೆಯುವವರು, ಈ ಜೋಡಿ ಮುಗಿಸಿದ್ದಾರೆ. ಮೆಣಸು ಕೊಳ್ಳಲು ಬಂದ ಪೋರ್ಚುಗೀಸರ ಕಡೆಯಿಂದ ಹೇಳಿದ ಕಥೆ ಕನ್ನಡದಲ್ಲಿ ಇದೆಯಾ ಅಂತ ಈಗ ಕೇಳುತ್ತಿದ್ದಾರೆ. ಹುಡುಕುತ್ತಿದ್ದೇನೆ. ಅಷ್ಟರಲ್ಲಿ ಓದಲಿ ಅಂತ ‘ರಕ್ತರಾತ್ರಿ’ಯವರೆಗಿನ ಎರಡು ಸಂಪುಟ, ಚೀಟಿ ಸಮೇತ, ಕಳಿಸಿದ್ದೇನೆ.