ಏಳು ರಾತ್ರಿಯ ಡೈವಿಂಗ್ ದೋಣಿಗೆ ಬ್ಯಾಗ್ ತುಂಬುವುದು ಹೇಗೆ?

ನೇತ್ರಾಣಿಯಲ್ಲಿ ಡೈವ್ ಮಾಡುವಾಗ ಮಾಸ್ಕ್‌ನ ಪಟ್ಟಿ ಹರಿದರೆ, ಮುರ್ಡೇಶ್ವರಕ್ಕೆ ಮರಳಿದ ಮೇಲೆ ಬೇರೆಯದು ಹುಡುಕಬಹುದು. ಮಾಲ್ದೀವ್ಸ್‌ನ ಲಿವ್‌ಅಬೋರ್ಡ್‌ನಲ್ಲಿ ಆ ಅನುಕೂಲವಿಲ್ಲ. ಊಟ, ನಿದ್ದೆ ಎಲ್ಲವೂ ದೋಣಿಯಲ್ಲೇ. ದಿನಕ್ಕೆ ಮೂರು ಡೈವ್, ರಾತ್ರಿಯದೂ ಸೇರಿದರೆ ನಾಲ್ಕು. ಹತ್ತು ರೂಪಾಯಿಯ ರಬ್ಬರ್ ಉಂಗುರ ಇಲ್ಲದ್ದಕ್ಕೆ ಒಂದು ಡೈವ್ ಕಳೆದುಕೊಳ್ಳುವುದುಂಟು. ಆದ್ದರಿಂದ ಬಟ್ಟೆ ಕೊನೆಗಿರಲಿ, ಬಿಡಿಭಾಗಗಳಿಂದ ಶುರು ಮಾಡಿ.

ಸಿಲಿಂಡರ್‌ನ ಗಾಳಿಯನ್ನು ಉಸಿರಾಡುವ ಒತ್ತಡಕ್ಕೆ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್ ಅನ್ನು ಒಂದು ತಿಂಗಳ ಮೊದಲು ಸರ್ವೀಸ್ ಮಾಡಿಸಿ. ಕೈಗೆ ಬಂದ ಮೇಲೆ ಈಜುಕೊಳದಲ್ಲಿ ಒಮ್ಮೆ ಉಸಿರಾಡಿ ನೋಡಲೇಬೇಕು. ಅದರೊಳಗೆ ಹೊಸದಾಗಿ ಹಾಕಿದ ಸೀಟ್ (ಗಾಳಿ ತಡೆಯುವ ಬಿಲ್ಲೆ) ಸರಿಯಾಗಿ ಕೂರುವಷ್ಟರಲ್ಲಿ ಒಳಗಿನ ಒತ್ತಡ ಏರಿ, ಗಾಳಿ ತಾನಾಗಿಯೇ ಹರಿಯಲು ಶುರುವಾಗಬಹುದು. ಮೌತ್‌ಪೀಸ್ ಅನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಹಲ್ಲು ಕಚ್ಚುವ ಗುಬಟಿನ ಹಿಂದೆ ಕೂದಲೆಳೆಯಷ್ಟು ಸೀಳು ಕಂಡರೂ ಬದಲಿಸಿ. ನೀರಿನಡಿ ಪ್ರತಿ ಉಸಿರಿಗೂ ಉಪ್ಪುನೀರಿನ ಹನಿ ಬಾಯಿಗೆ ಬರುವುದು ಅಲ್ಲಿಂದಲೇ.

ಆಮೇಲೆ ಗಟ್ಟಿ ಮುಚ್ಚಳದ ಊಟದ ಡಬ್ಬಿಯೊಂದನ್ನು ತೆಗೆದುಕೊಂಡು ಅದರಲ್ಲಿ ಇವಿಷ್ಟು ಹಾಕಿ: ಮಾಸ್ಕ್ ಮತ್ತು ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಪಟ್ಟಿ ಒಂದೊಂದು, ಮೌತ್‌ಪೀಸ್, ಕೇಬಲ್ ಟೈ ಹತ್ತು, ಸಿಲಿಂಡರ್ ಓ-ರಿಂಗ್ (ಮೇಲೆ ಹೇಳಿದ ರಬ್ಬರ್ ಉಂಗುರ) ಐದಾರು, ಸಿಲಿಕೋನ್ ಗ್ರೀಸ್, ಡೈವ್ ಕಂಪ್ಯೂಟರ್‌ನ ಬ್ಯಾಟರಿ, ಅಲೆನ್ ಕೀ. ದೋಣಿಯ ಸಿಲಿಂಡರ್‌ಗಳು ಸಾಮಾನ್ಯವಾಗಿ 12 ಲೀಟರ್‌ನ ಅಲ್ಯೂಮಿನಿಯಂನವು, ಯೋಕ್ ವಾಲ್ವ್‌ನವು, ಅಂದರೆ ರೆಗ್ಯುಲೇಟರ್ ಅನ್ನು ಹೊರಗಿನಿಂದ ಹಿಡಿದು ಬಿಗಿಯುವಂಥವು. ನಿಮ್ಮದು ತಿರುಪಿನಂತೆ ಒಳಕ್ಕೆ ಕೂರುವ ಡಿನ್ ರೆಗ್ಯುಲೇಟರ್ ಆಗಿದ್ದರೆ ಅಡಾಪ್ಟರ್ ಕೂಡ ಇದೇ ಡಬ್ಬಿಗೆ.

ಇನ್ನು ಮೇಲ್ಮೈ ಗುರುತಿನ ಬಲೂನು, ಅಂದರೆ ಎಸ್‌ಎಂಬಿ. ಅಟಾಲ್ ಎಂಬ ಉಂಗುರಾಕಾರದ ಹವಳದ ದ್ವೀಪಗುಚ್ಛಗಳ ಕಾಲುವೆಗಳಲ್ಲಿ ಸೆಳೆತ ಜೋರು. ಮುಳುಗಿದಲ್ಲೇ ಮೇಲೇಳುವುದು ಅಪರೂಪ. ನಿಮ್ಮನ್ನು ಎತ್ತಿಕೊಳ್ಳಲು ಬರುವ ಧೋನಿ ಎಂಬ ಚಿಕ್ಕ ದೋಣಿಗೆ ಅಲೆಗಳ ನಡುವೆ ಕಾಣುವುದು ಆ ಕಿತ್ತಳೆ ಬಣ್ಣವೊಂದೇ. ಜೊತೆಗೆ 15 ಮೀಟರ್ ದಾರದ ಸ್ಪೂಲ್, ಒಂದು ಸೀಟಿ ಇರಲಿ. ವರ್ಷಗಟ್ಟಲೆ ಮಡಿಸಿಟ್ಟ ಎಸ್‌ಎಂಬಿಯ ಒಳಮೈ ಅಂಟಿಕೊಂಡಿರುತ್ತದೆ, ಮನೆಯಲ್ಲೇ ಬಾಯಿಂದ ಊದಿ ಬಿಡಿಸಿ.

ನೀರು 27ರಿಂದ 30 ಡಿಗ್ರಿ ಬೆಚ್ಚಗಿದ್ದರೂ 3 ಮಿಲಿಮೀಟರ್ ವೆಟ್‌ಸೂಟ್ ಬೇಕು. ಮೂರನೆಯ ದಿನದ ಹೊತ್ತಿಗೆ ಮೈ ತಣ್ಣಗಾಗುತ್ತಾ ಬರುತ್ತದೆ.

ಸಲಕರಣೆಯೇ 10–12 ಕಿಲೋ ತೂಗುತ್ತದೆ. ಸೀಸದ ತೂಕ ದೋಣಿಯಲ್ಲೇ ಸಿಗುತ್ತದೆ, ಹೊರಬೇಡಿ. ರೆಗ್ಯುಲೇಟರ್, ಕಂಪ್ಯೂಟರ್, ಮಾಸ್ಕ್ ಕೈಚೀಲದಲ್ಲಿರಲಿ. ದೊಡ್ಡ ಬ್ಯಾಗ್ ತಡವಾಗಿ ಬಂದರೂ ಬಾಡಿಗೆ ಫಿನ್ ಹಾಕಿಕೊಂಡು ಇಳಿಯಬಹುದು. ಚಾಕು, ರೀಫ್ ಹುಕ್ (ಸೆಳೆತದಲ್ಲಿ ಬಂಡೆ ಹಿಡಿಯುವ ಕೊಕ್ಕೆ) ಚೆಕ್-ಇನ್‌ಗೆ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. ಡೈವ್ ಟಾರ್ಚ್‌ನಿಂದ ಬ್ಯಾಟರಿ ತೆಗೆದು, ಅದರ ತುದಿಗಳಿಗೆ ಟೇಪ್ ಅಂಟಿಸಿ. ಬ್ಯಾಗ್ ಮೆತ್ತನೆಯದಾಗಿರಬೇಕು, ಗಟ್ಟಿ ಸೂಟ್‌ಕೇಸ್ ಇಡಲು ಕ್ಯಾಬಿನ್‌ನಲ್ಲಿ ಜಾಗವಿಲ್ಲ.

ಬಟ್ಟೆ? ಎರಡು ಈಜುಡುಗೆ, ನಾಲ್ಕು ಟೀ ಶರ್ಟ್, ಗಾಳಿಗೆ ಒಂದು ಜಾಕೆಟ್. ದೋಣಿಯಲ್ಲಿ ಎಲ್ಲರದೂ ಬರಿಗಾಲು.

ವಾಕರಿಕೆಯ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಳ್ಳಿ, ಊರಲ್ಲೇ ಒಂದು ದಿನ ನುಂಗಿ ನೋಡಿ. ಮಂಪರು ಬರಿಸುವ ಮಾತ್ರೆ ನುಂಗಿ ನೀರಿಗಿಳಿಯುವುದು ಅಪಾಯ. ಕಿವಿಯ ಸೋಂಕೇ ಹೆಚ್ಚು ಜನರ ರಜೆ ಕೆಡಿಸುವುದು. ಪ್ರತಿ ಡೈವ್ ಆದ ಮೇಲೆ ಸಿಹಿನೀರಲ್ಲಿ ಕಿವಿ ತೊಳೆದು ಒಣಗಿಸಿ, ಹತ್ತಿಕಡ್ಡಿ ಹಾಕಬೇಡಿ.

ಡೈವಿಂಗ್ ಕಾರ್ಡ್, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಕಾರ್ಡ್, ವಿಮೆಯ ಪ್ರತಿ ಜೊತೆಗಿರಲಿ. ಐಮುಗಾ ಎಂಬ ಪ್ರಯಾಣ ಘೋಷಣೆಯನ್ನು ವಿಮಾನ ಹೊರಡುವ ಮುಂಚಿನ 96 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಮದ್ಯ, ಹಂದಿಮಾಂಸ ಒಯ್ಯುವಂತಿಲ್ಲ. 2024ರ ನವೆಂಬರ್‌ನಿಂದ ವೇಪ್ ಕೂಡ ನಿಷಿದ್ಧ.

ಹಲವು ದಿನ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು. 24 ಗಂಟೆಯಾದರೆ ಇನ್ನೂ ಕ್ಷೇಮ. ಆ ಬಿಡುವಿನಲ್ಲಿ ಎಲ್ಲವನ್ನೂ ತೊಳೆದು ಒಣಗಿಸಿ, ಒದ್ದೆ ವೆಟ್‌ಸೂಟ್‌ನಿಂದ ಲಗೇಜಿನ ತೂಕ ಏರುತ್ತದೆ. ರೆಗ್ಯುಲೇಟರ್ ತೊಳೆಯುವ ಮುನ್ನ ಡಸ್ಟ್ ಕ್ಯಾಪ್ (ಸಿಲಿಂಡರ್‌ಗೆ ಕೂಡುವ ಬಾಯಿಯ ಮುಚ್ಚಳ) ಒರೆಸಿ ಬಿಗಿಯಾಗಿ ಮುಚ್ಚಿ, ತೊಳೆಯುವಾಗ ಗಾಳಿ ಹೊರಬಿಡುವ ಪರ್ಜ್ ಗುಂಡಿ ಒತ್ತಬೇಡಿ. ನೀರು ಒಳಹೋದರೆ ಫಸ್ಟ್ ಸ್ಟೇಜ್ (ಸಿಲಿಂಡರ್‌ಗೆ ಕೂಡುವ ಭಾಗ) ಮತ್ತೆ ಸರ್ವೀಸ್‌ಗೆ ಹೋಗಬೇಕಾಗುತ್ತದೆ.