ನಿಂತ ಗಾಡಿಯ ತೂಕ: ಐವತ್ತೆಂಟರಲ್ಲಿ ಮತ್ತೆ ಬೈಕ್ ಕೊಂಡ ನನ್ನ ಅನುಭವ

1988ರಲ್ಲಿ ಕೊಂಡ ಬುಲೆಟ್ 350 ಅನ್ನು ನಾನು ಮಾರಿದ್ದು 1999ರಲ್ಲಿ. ಮಗಳು ಶಾಲೆಗೆ ಸೇರಿದ ವರ್ಷ ಮನೆಗೆ ಕಾರು ಬಂತು, ಬುಲೆಟ್ ಹೋಯಿತು. ಅಂದಿನ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ ಇತ್ತೆಂಬುದು ಈಗಿನ ಹುಡುಗರಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಒಂದನೆಯ ಗೇರಿಗೆ ಬಲಗಾಲಿನ ತುದಿಯಿಂದ ಮೇಲೆತ್ತಬೇಕು, ಉಳಿದ ಮೂರಕ್ಕೆ ಕೆಳಗೆ ಒತ್ತಬೇಕು. ಹನ್ನೊಂದು ವರ್ಷ ಹಾಗೆ ಓಡಿಸಿದ ಕಾಲುಗಳು ಅದನ್ನು ಮರೆತಿರುತ್ತವೆ ಎಂದುಕೊಂಡು, ಇಪ್ಪತ್ತೈದು ವರ್ಷಗಳ ನಂತರ ಬೈಕ್ ಕೊಳ್ಳುವ ಯೋಚನೆ ಮಾಡಿದಾಗ ನಾನು ಈ ವಿಷಯವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ತಂಗಿಯ ಮಗನ ಬೈಕನ್ನು ಒಂದು ಭಾನುವಾರ ಬೆಳಿಗ್ಗೆ ಕೇಳಿ ಪಡೆದು, ಮೈಸೂರಿನ ನಮ್ಮ ಬಡಾವಣೆಯ ಎರಡು ಸುತ್ತು ಹಾಕಿದೆ. ಈಗಿನ ಗಾಡಿಗಳಂತೆ ಅದರಲ್ಲಿ ಗೇರು ಎಡಗಾಲಿಗೆ, ಹಿಂದಿನ ಬ್ರೇಕು ಬಲಗಾಲಿಗೆ. ಮೊದಲ ಸುತ್ತಿನಲ್ಲಿ ಎಲ್ಲವೂ ಸರಿಯಾಗಿತ್ತು, ಏಕೆಂದರೆ ಪ್ರತಿಯೊಂದನ್ನೂ ಯೋಚಿಸಿ ಮಾಡುತ್ತಿದ್ದೆ. ಎರಡನೆಯ ಸುತ್ತಿನಲ್ಲಿ ತಿರುವಿನ ಬಳಿ ಒಂದು ನಾಯಿ ಅಡ್ಡ ಬಂತು. ಯೋಚಿಸಲು ಸಮಯವಿಲ್ಲದ ಆ ಕ್ಷಣದಲ್ಲಿ ನನ್ನ ಎಡಗಾಲು ಬ್ರೇಕೆಂದು ಭಾವಿಸಿ ಗೇರನ್ನು ಒತ್ತಿತು. ಗಾಡಿ ಒಂದು ಗೇರು ಕೆಳಗಿಳಿದು ಜಗ್ಗಿತು, ನಿಲ್ಲಲಿಲ್ಲ. ಗಾಬರಿಯಲ್ಲಿ ಹ್ಯಾಂಡಲ್ ತಿರುಗಿರುವಾಗಲೇ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದೆ. ನಡಿಗೆಯಷ್ಟೇ ವೇಗದಲ್ಲಿದ್ದ ಗಾಡಿ ನನ್ನ ಸಮೇತ ಎಡಕ್ಕೆ ಒರಗಿತು. ಮಂಡಿ ತರಚಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಬಿದ್ದ ಗಾಡಿಯನ್ನು ಎರಡು ಸಲ ಪ್ರಯತ್ನಿಸಿದರೂ ನನ್ನಿಂದ ಎತ್ತಲಾಗಲಿಲ್ಲ. ಹಾಲು ಹಾಕಿ ಹಿಂತಿರುಗುತ್ತಿದ್ದ ಇಬ್ಬರು ಬಂದು ಎತ್ತಿ ನಿಲ್ಲಿಸಿದರು. ತಂಗಿಯ ಮಗ ಬೈಯಲಿಲ್ಲ. "ಮಾವ, ನೀವು ಮೊದಲು ಹಗುರವಾದ ಗಾಡಿ ನೋಡಿ" ಎಂದಷ್ಟೇ ಹೇಳಿದ.

ಅವನ ಮಾತು ಅರ್ಧ ಸರಿ ಎಂದು ನನಗೆ ಈಗಲೂ ಅನ್ನಿಸುತ್ತದೆ. ಓಡುತ್ತಿರುವ ಗಾಡಿಯ ತೂಕ ಸವಾರನಿಗೆ ಅಷ್ಟಾಗಿ ತಿಳಿಯುವುದಿಲ್ಲ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟಿದರೆ ಅದು ತನ್ನಷ್ಟಕ್ಕೆ ನೆಟ್ಟಗೆ ನಿಲ್ಲುತ್ತದೆ. ತೂಕ ತಿಳಿಯುವುದು ಗೇಟಿನಿಂದ ಹೊರಗೆ ತೆಗೆಯುವಾಗ, ಏರಿನ ಸಿಗ್ನಲ್ಲಿನಲ್ಲಿ ಕಾಲೂರಿ ನಿಂತಾಗ, ಕಿರಿದಾದ ರಸ್ತೆಯಲ್ಲಿ ಹಿಂದಕ್ಕೆ ತಿರುಗಿಸುವಾಗ. ನನ್ನ ವಯಸ್ಸಿನವರು ಬೀಳುವುದೂ ಇಂಥ ಕಡೆಗಳಲ್ಲೇ ಎಂದು ಮರಳಿ ಬೈಕ್ ಹಿಡಿದ ಗೆಳೆಯರನ್ನು ನೋಡಿ ತಿಳಿದುಕೊಂಡೆ. ಆದ್ದರಿಂದ ಗಾಡಿ ಹೇಗೆ ಓಡುತ್ತದೆ ಎಂಬುದಕ್ಕಿಂತ ಮೊದಲು ಅದು ಹೇಗೆ ನಿಲ್ಲುತ್ತದೆ ಎಂಬುದನ್ನು ನೋಡಬೇಕೆಂದು ತೀರ್ಮಾನಿಸಿದೆ.

ಲೈಸೆನ್ಸಿನ ತೊಡಕು ನನಗಿರಲಿಲ್ಲ. ಕಾರಿಗಾಗಿ ನವೀಕರಿಸುತ್ತಲೇ ಬಂದಿದ್ದ ಲೈಸೆನ್ಸಿನಲ್ಲಿ ಗೇರಿನ ಮೋಟಾರ್ ಸೈಕಲ್ಲೂ ಸೇರಿತ್ತು. ಐವತ್ತೈದು ದಾಟಿದ ಮೇಲೆ ನವೀಕರಣ ಐದೈದು ವರ್ಷಕ್ಕೆ ಮಾತ್ರ ಸಿಗುತ್ತದೆ, ವೈದ್ಯರ ಪ್ರಮಾಣಪತ್ರವೂ ಬೇಕು. ಅವಧಿ ಮುಗಿದು ಒಂದು ವರ್ಷ ಕಳೆದಿದ್ದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ. ಬಹಳ ಕಾಲ ಓಡಿಸದೆ ಇದ್ದವರು ಗಾಡಿ ನೋಡಲು ಹೊರಡುವ ಮುನ್ನ ಕಾರ್ಡಿನ ದಿನಾಂಕವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಕಣ್ಣನ್ನೂ ತೋರಿಸಿದೆ. ಎಡಗಣ್ಣಿನಲ್ಲಿ ಪೊರೆ ಆರಂಭವಾಗಿದೆ, ಎದುರಿನ ದೀಪ ಹರಡಿದಂತೆ ಕಾಣುತ್ತದೆ. ಆದ್ದರಿಂದ ಕತ್ತಲಾದ ಮೇಲೆ ಬೈಕ್ ತೆಗೆಯುವುದಿಲ್ಲ.

ಮನಸ್ಸು ಎಳೆದದ್ದು ಸಹಜವಾಗಿ ಬುಲೆಟ್ ತಯಾರಿಸುವ ರಾಯಲ್ ಎನ್‌ಫೀಲ್ಡಿನದೇ ಕ್ಲಾಸಿಕ್ 350ರ ಕಡೆಗೆ. ನನ್ನ ಹಳೆಯ ಗಾಡಿಯದೇ ಮುಖ, ಅದೇ ಟ್ಯಾಂಕಿನ ದುಂಡು. ಎಂಜಿನ್ನಿನೊಳಗಿನ ಒತ್ತಡ ಇಳಿಸುವ ಡಿಕಂಪ್ರೆಷನ್ ಲಿವರ್ ಒತ್ತಿ, ಕರೆಂಟ್ ತೋರಿಸುವ ಆಮೀಟರಿನ ಮುಳ್ಳು ನಡುವೆ ಬರುವವರೆಗೆ ಕಿಕ್ಕರ್ ಇಳಿಸಿ, ಆಮೇಲೆ ಒದೆಯುತ್ತಿದ್ದ ಆ ಕೆಲಸ ಈಗಿಲ್ಲ, ಗುಂಡಿ ಒತ್ತಿದರೆ ಸಾಕು. ನನ್ನ ಮಂಡಿಗಳಿಗೆ ಅದೇ ದೊಡ್ಡ ಉಪಕಾರ. ಆದರೆ ನಮ್ಮ ಮನೆಯ ಗೇಟಿನ ಮುಂದೆ ಚರಂಡಿಯ ಮೇಲಿನ ಚಪ್ಪಡಿ ರಸ್ತೆಯ ಕಡೆಗೆ ಇಳಿಜಾರಾಗಿದೆ, ಒಳಗೆ ನಿಲ್ಲಿಸಲು ಇರುವುದು ಕಾರಿನ ಪಕ್ಕದ ನಾಲ್ಕಡಿ ಜಾಗ. ಮುಂದಿನ ಚಕ್ರ ಒಳಗಿಟ್ಟು ನಿಲ್ಲಿಸಿದರೆ ಬೆಳಿಗ್ಗೆ ಹಿಂದುಹಿಂದಾಗಿ ಇಳಿಸಬೇಕು, ಹಿಂದಿನ ಚಕ್ರ ಒಳಗಿಟ್ಟರೆ ಸಂಜೆ ಏರಿಗೆ ತಳ್ಳಬೇಕು. ಪರೀಕ್ಷೆಯ ಸವಾರಿಗೆ ಕೊಟ್ಟ ಗಾಡಿಯನ್ನು ಶೋರೂಮಿನ ಹುಡುಗನ ಜೊತೆ ನೇರವಾಗಿ ಮನೆಗೇ ತಂದು, ಆ ಚಪ್ಪಡಿಯ ಮೇಲೆ ಹಿಮ್ಮುಖವಾಗಿ ತಳ್ಳಿ ನೋಡಿದೆ. ಹಿಂದಿನ ಚಕ್ರ ಚಪ್ಪಡಿಯ ಅಂಚಿಗೆ ಬಂದು ನಿಂತಿತು. ಸೊಂಟ ಕೊಟ್ಟು ಮತ್ತೆ ನೂಕಿದೆ, ಅರ್ಧ ಏರಿ ಹಿಂದಕ್ಕೆ ಜಾರಿತು. ಹುಡುಗ ಕೈಕೊಟ್ಟ ಮೇಲೆಯೇ ಒಳಗೆ ಹೋದದ್ದು. ಕ್ಲಾಸಿಕ್ ತೂಗುವುದು 195 ಕೆ.ಜಿ. ಎರಡು ದಿನ ಬಿಟ್ಟು ಹೋಂಡಾದ ಹೈನೆಸ್ ಸಿಬಿ 350 ಅನ್ನು ಹಾಗೆಯೇ ತರಿಸಿದೆ. ಅದರ ತೂಕ 181 ಕೆ.ಜಿ. ನಡುವಿನ ವ್ಯತ್ಯಾಸ 14 ಕೆ.ಜಿ., ಅಂದರೆ ಅಡುಗೆಮನೆಯ ತುಂಬಿದ ಸಿಲಿಂಡರಿನೊಳಗಿನ ಗ್ಯಾಸಿನಷ್ಟು ತೂಕ. ಎರಡನೆಯ ಪ್ರಯತ್ನಕ್ಕೆ ಅದನ್ನು ನಾನೊಬ್ಬನೇ ಏರಿಸಿದೆ.

ಸೀಟಿನ ಎತ್ತರದ ವಿಷಯದಲ್ಲಿ ಕಾಗದದ ಮೇಲಿನ ಅಂಕಿಯನ್ನಷ್ಟೇ ನಂಬಬಾರದು. ನನ್ನ ಎತ್ತರ ಐದು ಅಡಿ ಐದು ಅಂಗುಲ. ಕ್ಲಾಸಿಕ್ಕಿನ ಸೀಟು 805 ಮಿ.ಮೀ., ಹೈನೆಸ್‌ನದು 800, ರಾಯಲ್ ಎನ್‌ಫೀಲ್ಡಿನವೇ ಆದ ಹಂಟರ್ 350ರದು 790, ಮೀಟಿಯರ್ 350ರದು 765. ಕುಳಿತಾಗ ಅಗಲವಾದ ಸೀಟು ತೊಡೆಗಳನ್ನು ಹರಡಿಸಿ ಕಾಲನ್ನು ನೆಲದಿಂದ ದೂರ ಮಾಡುತ್ತದೆ, ಮುಂದೆ ಕಿರಿದಾದ ಸೀಟು ಹತ್ತಿರ ತರುತ್ತದೆ. ದಿನವೂ ಹಾಕುವ ಚಪ್ಪಲಿಯಲ್ಲಲ್ಲ, ಓಡಿಸುವಾಗ ಹಾಕುವ ಶೂವನ್ನೇ ಹಾಕಿಕೊಂಡು ಹೋಗಿ, ಎರಡೂ ಹಿಮ್ಮಡಿ ನೆಲಕ್ಕೆ ತಾಗುತ್ತವೆಯೇ ಎಂದು ನೋಡಬೇಕು. ಮೀಟಿಯರಿನಲ್ಲಿ ನನ್ನ ಪಾದಗಳು ಪೂರ್ತಿ ಊರಿದವು. ಅದನ್ನೇ ಕೊಳ್ಳುವವನಿದ್ದೆ. ಆದರೆ ಅದರ ಫುಟ್‌ರೆಸ್ಟ್ ಮುಂದಿದೆ; ಹಳ್ಳದ ರಸ್ತೆಯಲ್ಲಿ ಕಾಲೂರಿ ಸೀಟಿನಿಂದ ಸ್ವಲ್ಪ ಮೇಲೇಳುವುದು ಕಷ್ಟ, ಪೆಟ್ಟೆಲ್ಲ ನೇರವಾಗಿ ಬೆನ್ನಿನ ಬುಡಕ್ಕೆ ಬೀಳುತ್ತದೆ. ನಂಜನಗೂಡಿನ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದ ಮೇಲೆ ನನಗೆ ಅದು ಖಚಿತವಾಯಿತು. ಬೆನ್ನು ಗಟ್ಟಿಯಾಗಿ ಕಾಲು ಗಿಡ್ಡವಾಗಿರುವವರಿಗೆ ಮೀಟಿಯರೇ ಒಳ್ಳೆಯ ಆಯ್ಕೆ ಎಂದು ಈಗಲೂ ಹೇಳುತ್ತೇನೆ. ಹಂಟರ್ ನಗರದೊಳಗೆ ತಿರುಗಿಸಲು ಬಹಳ ಸಲೀಸಾಗಿತ್ತು, ಆದರೆ ಹಿಂದಿನ ಸೀಟು ನನ್ನ ಹೆಂಡತಿಗೆ ಒಪ್ಪಿಗೆಯಾಗಲಿಲ್ಲ.

ಹಿಂದೆ ಕೂರುವವರನ್ನು ಕರೆದುಕೊಂಡು ಹೋಗದೆ ಗಾಡಿ ಆರಿಸಬಾರದು. ನನ್ನ ಹೆಂಡತಿ ಸೀರೆಯುಟ್ಟು ಒಂದೇ ಕಡೆಗೆ ಕಾಲು ಹಾಕಿ ಕೂರುವವಳು. ಹಾಗೆ ಕುಳಿತಾಗ ಅವಳ ತೂಕವೆಲ್ಲ ಎಡಕ್ಕಿರುತ್ತದೆ, ನಿಂತ ಗಾಡಿಯನ್ನು ನನ್ನ ಎಡಗಾಲೊಂದೇ ತಡೆಯಬೇಕಾಗುತ್ತದೆ. ಹೈನೆಸ್‌ನ ಮೇಲೆ ಅವಳು ಕುಳಿತು, ಹಿಡಿ ಕೈಗೆ ಸಿಗುತ್ತದೆಯೇ, ಸೀರೆಗಾರ್ಡಿನ ಮೇಲಿನ ಪಾದದಾನಿಯಲ್ಲಿ ಎರಡೂ ಪಾದ ಹಿಡಿಯುತ್ತವೆಯೇ ಎಂದು ತಾಳ್ಮೆಯಿಂದ ನೋಡಿದಳು. "ಇದರಲ್ಲಿ ಜಾರುವ ಹಾಗಿಲ್ಲ, ಆದರೆ ಇನ್ನುಮುಂದೆ ದೂರ ಹೋಗುವಾಗ ಚೂಡಿದಾರ್ ಹಾಕಿಕೊಂಡು ಎರಡೂ ಕಡೆ ಕಾಲು ಹಾಕಿಯೇ ಕೂರುತ್ತೇನೆ" ಎಂದು ಅವಳೇ ಹೇಳಿದ್ದು ನನ್ನ ಅರ್ಧ ಚಿಂತೆಯನ್ನು ಕಳೆಯಿತು.

ಎಂಜಿನ್ನಿನ ಶಕ್ತಿಯ ಬಗ್ಗೆ ನಾನು ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ವೇಗಕ್ಕೆ ಕೆಲಸವಿಲ್ಲ. ನಾನು ಹೋಗುವುದು ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆಯ ಕಡೆಗೆ. ಅಲ್ಲಿ ಬೇಕಾಗುವುದು ಕಡಿಮೆ ವೇಗದಲ್ಲೂ ಮೇಲಿನ ಗೇರಿನಲ್ಲಿ ತಡವರಿಸದೆ ಎಳೆಯುವ ಗುಣ. ಹೈನೆಸ್‌ನ ಎಂಜಿನ್ ನಿಮಿಷಕ್ಕೆ 3,000 ಸುತ್ತಿನಲ್ಲೇ ತನ್ನ ಪೂರ್ತಿ ಎಳೆತವನ್ನು ಕೊಡುತ್ತದೆ, ಹಾಗಾಗಿ ಪದೇ ಪದೇ ಗೇರು ಬದಲಿಸುವ ಅಗತ್ಯ ಬೀಳುವುದಿಲ್ಲ. ಕ್ಲಚ್ಚು ಮೃದುವಾಗಿರುವುದು ಬೆರಳ ಗೆಣ್ಣು ನೋಯುವ ವಯಸ್ಸಿನಲ್ಲಿ ಸಣ್ಣ ಸಂಗತಿಯೇನಲ್ಲ. ಕೊನೆಗೆ ಹೈನೆಸ್ ಅನ್ನೇ ಕೊಂಡೆ.

ನಾನು ಹೊಸದಾಗಿ ಕಲಿಯಬೇಕಾಗಿ ಬಂದದ್ದು ಮುಂದಿನ ಬ್ರೇಕು. ನನ್ನ ಕಾಲದಲ್ಲಿ ಎರಡೂ ಕಡೆ ಡ್ರಮ್ಮು. "ಮುಂದಿನದನ್ನು ಮುಟ್ಟಬೇಡ, ಪಲ್ಟಿ ಹೊಡೀತೀಯ" ಎಂದು ಹಿರಿಯರು ಹೆದರಿಸಿಟ್ಟಿದ್ದರು. ಬ್ರೇಕು ಹಿಡಿದಾಗ ಗಾಡಿಯ ಭಾರ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಅದರದೇ. ಬ್ರೇಕು ಹಿಡಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಎರಡೂ ಚಕ್ರಕ್ಕೆ ಇರುವ ಗಾಡಿಯೇ ಬೇಕೆಂದು ನಾನು ಹಟ ಹಿಡಿದದ್ದು ಇದಕ್ಕಾಗಿ. ಇನ್ನೂ ಮನೆಗಳೇಳದ ಒಂದು ಹೊಸ ಬಡಾವಣೆಯಲ್ಲಿ, ನಾಲ್ಕು ಭಾನುವಾರ ಬೆಳಿಗ್ಗೆ ಆರಕ್ಕೇ ಹೋಗಿ, ನಲವತ್ತರ ವೇಗದಿಂದ ಒಂದು ಸೈಟುಕಲ್ಲಿನ ಎದುರು ನಿಲ್ಲಿಸುವುದನ್ನು ಮತ್ತೆ ಮತ್ತೆ ಮಾಡಿದೆ. ಹಿಂದಿನ ಬ್ರೇಕನ್ನೂ ಗಟ್ಟಿಯಾಗಿ ಒತ್ತಿದಾಗ ಎಬಿಎಸ್ ಬಲಪಾದದ ಕೆಳಗೆ ಟಕಟಕನೆ ಮಿಡಿಯುತ್ತದೆ. ಮೊದಲ ಸಲ ಬೆಚ್ಚಿ ಕಾಲು ತೆಗೆದುಬಿಟ್ಟಿದ್ದೆ. ಎರಡು ಸೈಟುಕಲ್ಲುಗಳ ನಡುವೆ ಎಂಟರ ಆಕಾರದಲ್ಲಿ ಸುತ್ತುವುದು, ಹಿಂದಿನ ಬ್ರೇಕನ್ನು ಸ್ವಲ್ಪವೇ ಒತ್ತಿ ಹಿಡಿದು ನಡಿಗೆಯ ವೇಗದಲ್ಲಿ ತಿರುಗಿಸುವುದು, ಇವೆರಡನ್ನೂ ಅಲ್ಲಿಯೇ ಕಲಿತೆ.

ಕಾಲುಗಳ ಹಳೆಯ ಅಭ್ಯಾಸ ಮಾತ್ರ ಅಷ್ಟು ಬೇಗ ಬಿಡಲಿಲ್ಲ. ಗಾಡಿ ಹತ್ತಿದ ಕೂಡಲೇ ಹೊರಡುವ ಮೊದಲು ಬಲಗಾಲಿನಿಂದ ಬ್ರೇಕನ್ನು ಮೂರು ಸಲ ಒತ್ತುವುದನ್ನು ರೂಢಿಸಿಕೊಂಡೆ. ಎರಡನೆಯ ತಿಂಗಳ ಕೊನೆಯಲ್ಲಿ ಒಂದು ದಿನ ಕೆ.ಆರ್.ಎಸ್. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಪಕ್ಕದ ಹಾದಿಯಿಂದ ಏಕಾಏಕಿ ನುಗ್ಗಿತು. ಗಾಡಿ ನೆಟ್ಟಗೆ, ಜಗ್ಗದೆ ನಿಂತಿತು; ನೋಡಿದರೆ ಬಲಗಾಲು ಬ್ರೇಕಿನ ಮೇಲಿತ್ತು, ಎಡಗಾಲು ಸುಮ್ಮನಿತ್ತು. ಅದಾದ ಮುಂದಿನ ಭಾನುವಾರವೇ ಹೆಂಡತಿಯನ್ನು ಮೊದಲ ಬಾರಿಗೆ ಹಿಂದೆ ಕೂರಿಸಿಕೊಂಡು ಮೇಲುಕೋಟೆಗೆ ಹೋಗಿ ಬಂದೆ.